ವಿದ್ಯುದಾಗಾರಕ್ಕೇ ವಿದ್ಯುತ್ತು ತಪ್ಪಿದರೆ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇಲ್ಲ. ಊರಿಗೆಲ್ಲ ಬುದ್ಧಿ ಹೇಳಿ ತನ್ನ ಮನೆಯನ್ನು ತಿದ್ದಿಕೊಳ್ಳಲಾರದವನನ್ನು ಕುರಿತು ಹಿರಿಯರು ಈ ಮಾತನ್ನಾಡುವುದು ವಾಡಿಕೆ. ಆದರೆ ಈ ಗಾದೆಯು ಅಕ್ಷರಶಃ ಸತ್ಯವಾಗುವ ಸ್ಥಳವೊಂದು ನಮ್ಮ ಕರ್ನಾಟಕದಲ್ಲಿಯೇ ಇರುವುದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಪರಮಾಣುವಿನ ಶಕ್ತಿಯಿಂದ ವಿದ್ಯುತ್ತನ್ನು ಹುಟ್ಟಿಸಿ ಲಕ್ಷಾಂತರ ಮನೆಗಳಿಗೆ ಬೆಳಕನ್ನೀಯುವ ಸ್ಥಾವರವು, ತಾನು ಕ್ಷೇಮವಾಗಿರಬೇಕಾದರೆ, ಹೊರಗಿನಿಂದ ಬರುವ ವಿದ್ಯುತ್ತನ್ನು ಆಶ್ರಯಿಸಿಕೊಂಡಿರಬೇಕು. ಆ ಹೊರಗಿನ ವಿದ್ಯುತ್ತು ತಪ್ಪಿದ ಗಳಿಗೆಯಿಂದಲೇ ಅಲ್ಲಿಯ ಕೆಲಸಗಾರರಿಗೆ ನಿಜವಾದ ಪರೀಕ್ಷೆಯು ಪ್ರಾರಂಭವಾಗುವುದು. ಈ ವಿಷಯವನ್ನು ಗೃಹಸ್ಥರೆಲ್ಲರಿಗೂ ತಿಳಿಯುವಂತೆ ವಿಶದಪಡಿಸಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಅನುಭವ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯವರಾದ ನಮಗೆ ಕರೆಂಟು ಹೋಗುವುದು ಹೊಸ ಸಂಗತಿಯೇನೂ ಅಲ್ಲ. ತೋಟದ ಕೊಳವೆಬಾವಿಯ ಮೋಟಾರಿಗೆ ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ಬರುವುದು. ಮುಂಗಾರಿಗೆ ಮೊದಲಿನ ಗಾಳಿಮಳೆಯಲ್ಲಿ ಮರ ಉರುಳಿ ತಂತಿ ಹರಿದುಹೋದರೆ ರಾತ್ರಿಯನ್ನು ಕತ್ತಲೆಯಲ್ಲಿಯೇ ಕಳೆಯಬೇಕಾಗುವುದು. ಆದರೂ ಇದರಿಂದ ನಮಗೆ ಪ್ರಾಣಸಂಕಟವೆಂಬುದು ಒದಗುವುದಿಲ್ಲ. ಏಕೆಂದರೆ ನಾವು ನಂಬಿರುವ ತೆಂಗು ಬಹು ಸಹನಶೀಲವಾದ ಮರ. ನೀರು ನಾಲ್ಕು ದಿನ ತಡವಾದರೆ ಅದು ಮುಖ ಬಾಡಿಸುವುದಿಲ್ಲ; ಬರಗಾಲದ ಪೆಟ್ಟು ಸಹ ಫಸಲಿನಲ್ಲಿ ಪೂರ್ತಿಯಾಗಿ ಕಾಣಿಸಿಕೊಳ್ಳಲು ಎರಡು ವರ್ಷವಾದರೂ ಹಿಡಿಯುವುದು. ಅಟ್ಟದ ಮೇಲೆ ಏರಿಸಿದ ಕಾಯಿಗಂತೂ ಕರೆಂಟಿನ ಹಂಗೇ ಇಲ್ಲ. ಅದು ತನ್ನಷ್ಟಕ್ಕೆ ತಾನು ತಿಂಗಳುಗಟ್ಟಲೆ ಕುಳಿತು, ಒಳಗಿನ ನೀರನ್ನು ಇಂಗಿಸಿಕೊಂಡು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಬರುವುದು.

ಹೀಗೆ ಕಾಯುವ ವಸ್ತುಗಳ ನಡುವೆ ಬೆಳೆದ ನಮಗೆ, ಕರೆಂಟು ಹೋಯಿತೆಂದರೆ ಅದೊಂದು ತೊಂದರೆಯೆಂದು ತೋರುವುದೇ ಹೊರತು ಅಪಾಯವೆಂದು ತೋರುವುದಿಲ್ಲ. ನಮ್ಮಲ್ಲಿ ಓದಿ ಈಗ ತೋಟ ಮಾಡಿಕೊಂಡಿರುವ ಶಿಷ್ಯರೊಬ್ಬರು ಒಮ್ಮೆ, “ಮೇಷ್ಟ್ರೇ, ಎಳನೀರು ಕೆಡವುವವನಿಗೆ ಬಾಯಾರಿಕೆಯೆ? ಕರೆಂಟು ಮಾಡುವ ಕೈಗಾದವರಿಗೆ ಕರೆಂಟಿನ ಕೊರತೆ ಎಲ್ಲಿಂದ ಬರಬೇಕು?” ಎಂದು ಕೇಳಿದರು. ಪ್ರಶ್ನೆಯು ಯುಕ್ತವಾಗಿಯೇ ಇದೆ. ಉತ್ತರವನ್ನು ಮಾತ್ರ ಒಂದು ಮಾತಿನಲ್ಲಿ ಹೇಳುವಂತಿಲ್ಲ.

ಆರಿಸಲಾಗದ ಕೆಂಡ

ಮೊದಲು ಪರಮಾಣು ಸ್ಥಾವರದ ಸ್ವಭಾವವನ್ನು ತಿಳಿದುಕೊಳ್ಳೋಣ. ಅದೂ ಒಂದು ಬಗೆಯ ಒಲೆಯೇ. ಯುರೇನಿಯಮ್ ಎಂಬ ಲೋಹದ ಪರಮಾಣುಗಳು ಒಡೆಯುವಾಗ ಶಾಖ ಹುಟ್ಟುವುದು. ಆ ಶಾಖದಿಂದ ನೀರು ಕಾದು ಉಗಿಯಾಗಿ, ಉಗಿಯು ಟರ್ಬೈನಿನ ಚಕ್ರವನ್ನು ತಿರುಗಿಸಿ, ಚಕ್ರವು ಜನರೇಟರನ್ನು ತಿರುಗಿಸಿ, ವಿದ್ಯುತ್ತು ಉಂಟಾಗುವುದು. ಕಲ್ಲಿದ್ದಲಿನ ಸ್ಥಾವರದಲ್ಲಿಯೂ ಕ್ರಮವು ಇದೇ. ಭೇದವಿರುವುದು ಒಲೆಯನ್ನು ಆರಿಸುವ ಸಮಯದಲ್ಲಿ.

ನಮ್ಮ ಮನೆಗಳ ಬಚ್ಚಲ ಹಂಡೆಯನ್ನು ನೆನಪಿಗೆ ತಂದುಕೊಳ್ಳಿರಿ. ಕಾಯಿಮಟ್ಟೆಯನ್ನೂ ಒಣಗರಿಯನ್ನೂ ಹಾಕಿ ಉರಿ ಮಾಡುವೆವು. ನೀರು ಕಾದ ಮೇಲೆ ಉರಿಯನ್ನು ಹಿಂದಕ್ಕೆಳೆದರೂ ಒಲೆಯೊಳಗೆ ಮಟ್ಟೆಯ ಕೆಂಡ ಉಳಿಯುವುದು. ಬೂದಿಯ ಕೆಳಗೆ ಅದು ಬೆಳಗಿನವರೆಗೂ ಜೀವ ಹಿಡಿದುಕೊಂಡಿರುವುದು. ಹಂಡೆಯಲ್ಲಿ ನೀರಿರುವವರೆಗೆ ಆ ಕೆಂಡದಿಂದ ಉಪಕಾರವೇ ಹೊರತು ಅಪಕಾರವಿಲ್ಲ. ನೀರು ಬತ್ತಿದರೋ, ಹಂಡೆಯ ತಳವೇ ಕೆಡುವುದು. ಆದುದರಿಂದಲೇ ಹಂಡೆಯಲ್ಲಿ ನೀರಿದೆಯೇ ಎಂದು ನೋಡದೆ ಒಲೆಗೆ ಉರಿ ಹಾಕಬಾರದೆಂದು ನಮ್ಮ ತಾಯಂದಿರು ಮಕ್ಕಳನ್ನು ಎಚ್ಚರಿಸುತ್ತಿದ್ದರು.

ಪರಮಾಣುವಿನ ಒಲೆಯ ಕೆಂಡಕ್ಕೂ ಮಟ್ಟೆಯ ಕೆಂಡಕ್ಕೂ ಒಂದೇ ವ್ಯತ್ಯಾಸ. ಮಟ್ಟೆಯ ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದರೆ ಅದು ಆರುವುದು. ಯುರೇನಿಯಮ್ಮಿನ ಕೆಂಡವನ್ನು ಯಾವ ನೀರೂ ಆರಿಸಲಾರದು. ಪರಮಾಣುಗಳು ಒಡೆಯುವುದನ್ನು ಕ್ಷಣಮಾತ್ರದಲ್ಲಿ ನಿಲ್ಲಿಸಬಹುದು. ಆದರೆ ಒಡೆದ ಚೂರುಗಳು ತಮ್ಮಷ್ಟಕ್ಕೆ ತಾವು ಕ್ಷಯಿಸುತ್ತಾ ಶಾಖವನ್ನು ಬಿಡುತ್ತಲೇ ಇರುವುವು. ಅದು ಕಡಮೆಯಾಗುವುದು ಕಾಲಕ್ರಮದಿಂದ ಮಾತ್ರ. ನೀರಿನ ಕೆಲಸ ಅದನ್ನು ಆರಿಸುವುದಲ್ಲ, ಅದರ ಶಾಖವನ್ನು ಹೊತ್ತುಕೊಂಡು ಹೋಗುವುದು.

ಈ ಉಳಿದ ಶಾಖವೆಷ್ಟೆಂಬುದನ್ನು ಲೆಕ್ಕ ಹಾಕೋಣ. ಕೈಗಾದ ಒಂದು ಘಟಕವು ೨೨೦ ಮೆಗಾವ್ಯಾಟ್ ವಿದ್ಯುತ್ತನ್ನು ಕೊಡಬಲ್ಲದು. ಅದಕ್ಕಾಗಿ ಅದರ ಒಲೆಯಲ್ಲಿ ಹುಟ್ಟುವ ಶಾಖ ಸುಮಾರು ೭೫೦ ಮೆಗಾವ್ಯಾಟ್. ಒಲೆಯನ್ನು ನಿಲ್ಲಿಸಿದ ಕೂಡಲೆ ಅದರಲ್ಲಿ ನೂರಕ್ಕೆ ಆರು ಏಳು ಪಾಲು ಉಳಿದಿರುವುದು. ಒಂದು ಗಂಟೆಯ ಮೇಲೆ ನೂರಕ್ಕೆ ಒಂದೂವರೆ ಪಾಲು, ಒಂದು ದಿನದ ಮೇಲೆ ಅರ್ಧ ಪಾಲು ಇರುವುದು. ಅರ್ಧ ಪಾಲು ತಾನೆ ಎಂದು ಅಲಕ್ಷ್ಯ ಮಾಡುವಂತಿಲ್ಲ. ೭೫೦ ಮೆಗಾವ್ಯಾಟಿನಲ್ಲಿ ಅಷ್ಟೆಂದರೆ ಸುಮಾರು ೩,೭೫೦ ಕಿಲೋವ್ಯಾಟ್. ನಮ್ಮ ತೋಟಗಳ ಐದು ಅಶ್ವಶಕ್ತಿಯ ಮೋಟಾರುಗಳನ್ನು ಒಂದು ಸಾವಿರದಷ್ಟು ಕೂಡಿಹಾಕಿದ ಬಲ. ಒಲೆ ಆರಿ ಇಪ್ಪತ್ತನಾಲ್ಕು ಗಂಟೆಯಾದ ಮೇಲೂ ಇಷ್ಟು ಶಾಖವನ್ನು ಎಡೆಬಿಡದೆ ಹೊರಕ್ಕೆ ಸಾಗಿಸುತ್ತಿರಬೇಕು. ಸಾಗಿಸಲು ನೀರು ಬೇಕು, ನೀರಿಗೆ ಪಂಪು ಬೇಕು, ಪಂಪಿಗೆ ವಿದ್ಯುತ್ತು ಬೇಕು. ಇದೇ ಸಮಸ್ಯೆಯ ಮೂಲ.

ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸೂರ್ಯನ ಬಿಸಿಲಿನಿಂದ ೨,೦೫೦ ಮೆಗಾವ್ಯಾಟ್ ವಿದ್ಯುತ್ತನ್ನು ಕೊಡತಕ್ಕ ಹಲಗೆಗಳ ಉದ್ಯಾನವಿದೆ. ಸೂರ್ಯಾಸ್ತವಾಯಿತೆಂದರೆ ಅಲ್ಲಿಯ ವ್ಯಾಪಾರ ಮುಗಿಯಿತು. ಕಾವಲಿರಬೇಕಾದ ಕೆಂಡ ಯಾವುದೂ ಇಲ್ಲ. ಜೋಗದ ನೀರಿನ ಚಕ್ರವನ್ನು ನಿಲ್ಲಿಸಿದರೂ ಹಾಗೆಯೇ. ನಿಂತ ಮೇಲೆಯೂ ಸೇವೆಯನ್ನು ಬೇಡುವುದು ಪರಮಾಣು ಸ್ಥಾವರವೊಂದೇ.

ತನ್ನದನ್ನು ತಾನೇ ಬಳಸಬಾರದೆ?

ಈಗ ಶಿಷ್ಯರ ಪ್ರಶ್ನೆಗೆ ಬರೋಣ. ಸ್ಥಾವರವು ತಾನು ಮಾಡಿದ ವಿದ್ಯುತ್ತಿನಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಹೊರಕ್ಕೆ ಕಳುಹಿಸಬಾರದೇಕೆ? ನಡೆಯುತ್ತಿರುವಾಗ ಅದು ಹಾಗೆಯೇ ಮಾಡುವುದು. ತೊಡಕಾಗುವುದು ಹೊರಗಿನ ಜಾಲ ಹಠಾತ್ತಾಗಿ ಕಡಿದುಹೋದಾಗ. ತುಂಬಿದ ಗಾಡಿಯನ್ನು ಏರಿನಲ್ಲಿ ಬಲವಾಗಿ ಎಳೆಯುತ್ತಿರುವ ಎತ್ತುಗಳ ಕಣ್ಣಿ ಹರಿದರೆ ಅವು ಮುಗ್ಗರಿಸುವುವಷ್ಟೆ. ಅದೇ ರೀತಿಯಲ್ಲಿ, ೨೨೦ ಮೆಗಾವ್ಯಾಟ್ ಭಾರವನ್ನೆಳೆಯುತ್ತಿದ್ದ ಟರ್ಬೈನಿಗೆ, ಭಾರ ಒಮ್ಮೆಲೇ ಕಳಚಿದರೆ ವೇಗವು ಮಿತಿಮೀರತೊಡಗುವುದು. ಆ ವೇಗವನ್ನು ಹಿಡಿದು, ಸ್ಥಾವರದ ಸ್ವಂತ ಉಪಯೋಗಕ್ಕೆ ಬೇಕಾದ ಅಲ್ಪ ಭಾರಕ್ಕೆ ಅದನ್ನು ಒಗ್ಗಿಸುವ ಉಪಾಯವುಂಟು. ಒಗ್ಗಿದರೆ ಒಳ್ಳೆಯದೇ ಆಯಿತು. ಒಗ್ಗದಿದ್ದರೆ ಯಂತ್ರರಕ್ಷಣೆಗಾಗಿ ಅದು ನಿಂತುಹೋಗುವುದು. ಹೀಗೆ ಹೊರಗಿನದೂ ಇಲ್ಲ, ಸ್ವಂತದ್ದೂ ಇಲ್ಲ ಎಂಬ ಸ್ಥಿತಿ ಬರಬಹುದು.

ನಿಂತ ಒಲೆಯನ್ನು ಕೂಡಲೆ ಹೊತ್ತಿಸೋಣವೆಂದರೆ ಅದಕ್ಕೂ ಅಡ್ಡಿಯಿದೆ. ನಿಂತ ಮೇಲೆ ಇಂಧನದಲ್ಲಿ ಕ್ಸೆನಾನ್ ಎಂಬ ಅನಿಲವು ಹೆಚ್ಚಿ, ಪರಮಾಣುಗಳನ್ನು ಒಡೆಯತಕ್ಕ ಕಣಗಳನ್ನೆಲ್ಲ ನುಂಗಿಬಿಡುವುದು. ಇದನ್ನು ಅಲ್ಲಿಯವರು ವಿಷವೆಂದೇ ಕರೆಯುವರು. ಕೈಗಾದಂಥ ಘಟಕದಲ್ಲಿ ಅರ್ಧ ಮುಕ್ಕಾಲು ಗಂಟೆಯೊಳಗೆ ಮರಳಿ ಹೊತ್ತಿಸದಿದ್ದರೆ, ಆ ವಿಷ ಇಳಿಯುವವರೆಗೆ ಒಂದು ದಿನಕ್ಕಿಂತಲೂ ಹೆಚ್ಚು ಕಾಲ ಕಾಯಬೇಕಾಗುವುದು.

ನಾಲ್ಕು ವರ್ಗದ ವಿದ್ಯುತ್ತು

ಇದನ್ನೆಲ್ಲ ಮುಂಚಿತವಾಗಿ ಬಲ್ಲ ಯಂತ್ರಶಾಸ್ತ್ರಜ್ಞರು ನಮ್ಮ ದೇಶದ ಸ್ಥಾವರಗಳಲ್ಲಿ ವಿದ್ಯುತ್ತನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿರುವರು. ಹೊರಗಿನ ಜಾಲದಿಂದಲೋ ಸ್ವಂತ ಜನರೇಟರಿನಿಂದಲೋ ಬರುವುದು ನಾಲ್ಕನೆಯ ವರ್ಗ. ಬಹು ದೊಡ್ಡ ಪಂಪುಗಳು ನಡೆಯುವುದು ಇದರಿಂದ. ಇದು ತಪ್ಪಿದಾಗ ತಾವಾಗಿಯೇ ಚಾಲನೆಗೊಳ್ಳುವ ಡೀಸೆಲ್ ಜನರೇಟರುಗಳಿಂದ ಬರುವುದು ಮೂರನೆಯ ವರ್ಗ. ಕ್ಷೇಮಕ್ಕೆ ಅವಶ್ಯವಾದ ಪಂಪುಗಳು ಇದರ ಮೇಲಿರುವುವು. ಬ್ಯಾಟರಿಯ ಬೆಂಬಲದಿಂದ ಕ್ಷಣವೂ ಕಡಿಯದೆ ಹರಿಯುವ ಪರ್ಯಾಯ ವಿದ್ಯುತ್ತು ಎರಡನೆಯ ವರ್ಗ. ಬ್ಯಾಟರಿಯಿಂದ ನೇರವಾಗಿ ಬರುವುದು ಮೊದಲನೆಯ ವರ್ಗ. ಅಳತೆಯ ಮುಳ್ಳುಗಳೂ ನಿಯಂತ್ರಣದ ಸಾಧನಗಳೂ ಕೊನೆಯ ಈ ಎರಡನ್ನು ನಂಬಿರುವುವು. ನಮ್ಮ ಪಟ್ಟಣದ ಮನೆಗಳಲ್ಲಿಯೂ ಲೈನಿನ ಕರೆಂಟು, ಅಂಗಡಿಯ ಜನರೇಟರು, ಯುಪಿಎಸ್, ಕೈಯಲ್ಲಿನ ಟಾರ್ಚು ಎಂಬ ಶ್ರೇಣಿಯಿಲ್ಲವೆ? ಇದೂ ಅಂಥದೇ, ಆದರೆ ಅದಕ್ಕಿಂತ ಬಹು ಪಾಲು ಕಟ್ಟುನಿಟ್ಟಾದುದು.

ಇವಲ್ಲದೆ, ವಿದ್ಯುತ್ತಿನ ಹಂಗಿಲ್ಲದೆ ಪ್ರಕೃತಿಯ ನಿಯಮದಿಂದಲೇ ನಡೆಯುವ ರಕ್ಷಣೆಗಳೂ ಉಂಟು. ಒಲೆಯನ್ನು ನಿಲ್ಲಿಸುವ ಸರಳುಗಳನ್ನು ವಿದ್ಯುತ್ತಿನ ಹಿಡಿತದಿಂದ ಮೇಲಕ್ಕೆತ್ತಿ ಇಟ್ಟಿರುವರು. ವಿದ್ಯುತ್ತು ಹೋದರೆ ಹಿಡಿತ ಸಡಿಲಿ ಅವು ತಮ್ಮ ಭಾರದಿಂದಲೇ ಕೆಳಕ್ಕೆ ಬಿದ್ದು ಒಲೆಯನ್ನು ನಿಲ್ಲಿಸುವುವು. ಮುಖ್ಯ ಪಂಪುಗಳಿಗೆ ಭಾರವಾದ ಚಕ್ರಗಳನ್ನು ಜೋಡಿಸಿರುವುದರಿಂದ ಅವು ಒಮ್ಮೆಲೇ ನಿಲ್ಲದೆ ನಿಧಾನವಾಗಿ ನಿಲ್ಲುವುವು. ಆಮೇಲೆ ಒಲೆಯ ಬಿಸಿ ನೀರು ತಾನಾಗಿಯೇ ಮೇಲಿರುವ ಉಗಿಪಾತ್ರೆಗಳಿಗೆ ಏರಿ, ಅಲ್ಲಿ ತಣಿದು, ಕೆಳಕ್ಕಿಳಿದು ಬರುವುದು. ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸಾಧನವನ್ನಿಟ್ಟಿರುವವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಅಲ್ಲಿಯೂ ಪಂಪಿಲ್ಲದೆ ಬಿಸಿ ನೀರು ಮೇಲಿನ ತೊಟ್ಟಿಗೆ ತಾನೇ ಏರುವುದಷ್ಟೆ. ಆದರೆ ಆ ಉಗಿಪಾತ್ರೆಗಳಿಗೆ ಹೊರಗಿನಿಂದ ನೀರನ್ನು ಒದಗಿಸುತ್ತಲೇ ಇರಬೇಕು. ಹಂಡೆ ಬತ್ತಬಾರದೆಂಬ ನಿಯಮ ಇಲ್ಲಿಯೂ ತಪ್ಪಿದ್ದಲ್ಲ.

ಕೈಗಾ

ನಮ್ಮ ಕರ್ನಾಟಕದ ಏಕೈಕ ಪರಮಾಣು ವಿದ್ಯುತ್ ಸ್ಥಾವರವು ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳೀ ನದಿಯ ತೀರದಲ್ಲಿ, ಕದ್ರಾ ಜಲಾಶಯದ ಅಂಚಿನಲ್ಲಿ ಇದೆ. ಎರಡು ಘಟಕಗಳು ೨೦೦೦ನೆಯ ಇಸವಿಯಲ್ಲಿಯೂ ಮೂರನೆಯದು ೨೦೦೭ರಲ್ಲಿಯೂ ನಾಲ್ಕನೆಯದು ೨೦೧೧ರಲ್ಲಿಯೂ ಉತ್ಪಾದನೆಯನ್ನು ಕ್ರಮಬದ್ಧವಾಗಿ ಆರಂಭಿಸಿದುವು. ನಾಲ್ಕೂ ಸೇರಿ ೮೮೦ ಮೆಗಾವ್ಯಾಟ್. ಇದರಲ್ಲಿ ಮೊದಲನೆಯ ಘಟಕವು ೨೦೧೬ರ ಮೇ ತಿಂಗಳಿನಿಂದ ೨೦೧೮ರ ಡಿಸೆಂಬರ್ ೩೧ರವರೆಗೆ ೯೬೨ ದಿನ ಎಲ್ಲಿಯೂ ನಿಲ್ಲದೆ ನಡೆದು ಆ ಕಾಲಕ್ಕೆ ಜಗತ್ತಿನಲ್ಲಿಯೇ ಮೊದಲಿನ ಸ್ಥಾನವನ್ನು ಪಡೆಯಿತು. ಅನಂತರ ಕೆನಡಾ ದೇಶದ ಘಟಕವೊಂದು ಆ ದಾಖಲೆಯನ್ನು ಮೀರಿತು. ಇನ್ನೂ ಎರಡು ಘಟಕಗಳನ್ನು, ತಲಾ ೭೦೦ ಮೆಗಾವ್ಯಾಟ್ ಶಕ್ತಿಯವುಗಳನ್ನು, ಇಲ್ಲಿ ಕಟ್ಟುವುದಕ್ಕೆ ಕೇಂದ್ರ ಸರ್ಕಾರವು ೨೦೧೭ರಲ್ಲಿ ಒಪ್ಪಿಗೆಯನ್ನಿತ್ತಿತು.

೯೬೨ ದಿನದ ಈ ಸಾಧನೆಯನ್ನು ಕೇಳಿ ನಾವು ಸ್ಥಾವರದವರನ್ನು ಮಾತ್ರ ಹೊಗಳಿದರೆ ಸಾಲದು. ಅಷ್ಟು ದಿನವೂ ಘಟ್ಟದ ಕಾಡಿನ ಮೇಲೆ ಹಾಯ್ದುಹೋಗುವ ತಂತಿಗಳು ಅದನ್ನು ಜಾಲಕ್ಕೆ ಸೇರಿಸಿಕೊಂಡೇ ಇದ್ದವೆಂಬುದನ್ನೂ ಯೋಚಿಸಬೇಕು. ಮಳೆಗಾಲದಲ್ಲಿ ಆ ಸೀಮೆಯ ಸಿಡಿಲು, ಗಾಳಿ, ಮರಗಳ ಉರುಳಾಟ ಎಂಥವೆಂಬುದನ್ನು ಕಂಡವರೇ ಬಲ್ಲರು. ಕೈಗಾದ ಸುದೈವವೇನೆಂದರೆ, ಕಾಳೀ ನದಿಯ ಮೇಲೆಯೇ, ಅದರ ನೆರೆಯಲ್ಲಿಯೇ, ಕೊಡಸಳ್ಳಿ ಮತ್ತು ಕದ್ರಾ ಎಂಬ ಜಲವಿದ್ಯುದಾಗಾರಗಳಿವೆ. ಜಾಲವೆಲ್ಲ ಕತ್ತಲೆಯಲ್ಲಿ ಮುಳುಗಿದಾಗ ಮೊದಲು ಏಳಬಲ್ಲವು ನೀರಿನ ಸ್ಥಾವರಗಳೇ. ತೂಬನ್ನು ತೆರೆದರೆ ಚಕ್ರ ತಿರುಗುವುದು. ಅದಕ್ಕೆ ಬೇಕಾಗುವ ಹೊರಗಿನ ವಿದ್ಯುತ್ತು ಅತ್ಯಲ್ಪ. ಹೀಗೆ ಎದ್ದ ವಿದ್ಯುತ್ತನ್ನು ಪರಮಾಣು ಸ್ಥಾವರಗಳಿಗೆ ಆದ್ಯತೆಯಿಂದ ತಲುಪಿಸಬೇಕೆಂಬುದು ಜಾಲವನ್ನು ನಡೆಸುವವರ ನಿಯಮ. ನಮ್ಮ ಮನೆಯ ದೀಪಕ್ಕೆ ಸರದಿ ಬರುವುದು ಆಮೇಲೆ. ಅದು ನ್ಯಾಯವೂ ಹೌದು.

ನರೋರದ ರಾತ್ರಿ

ಒಳಗಿನ ವಿದ್ಯುತ್ತಿನ ದಾರಿಗಳೆಲ್ಲ ಮುಚ್ಚಿಹೋದರೆ ಏನಾಗುವುದೆಂಬುದನ್ನು ನಮ್ಮ ದೇಶವು ಒಮ್ಮೆ ಪ್ರತ್ಯಕ್ಷವಾಗಿ ಕಂಡಿತು. ಉತ್ತರ ಪ್ರದೇಶದಲ್ಲಿ ಗಂಗಾತೀರದ ನರೋರದಲ್ಲಿ, ಕೈಗಾದ ಜಾತಿಯವೇ ಆದ ಎರಡು ಘಟಕಗಳಿವೆ. ೧೯೯೩ರ ಮಾರ್ಚ್ ೩೧ರ ಬೆಳಗಿನ ಜಾವ, ಮೂರೂವರೆ ಗಂಟೆಯ ಸಮಯದಲ್ಲಿ, ಮೊದಲನೆಯ ಘಟಕದ ಟರ್ಬೈನಿನ ಎರಡು ಅಲಗುಗಳು ಮುರಿದುವು. ಯಂತ್ರವು ಅದುರಿ, ಜನರೇಟರನ್ನು ತಣಿಸುವ ಜಲಜನಕವೂ ಎಣ್ಣೆಯೂ ಹೊರಬಿದ್ದು ಬೆಂಕಿ ಹೊತ್ತಿಕೊಂಡಿತು. ಕೆಲಸದಲ್ಲಿದ್ದವರು ಒಂದು ನಿಮಿಷದೊಳಗಾಗಿ ಒಲೆಯನ್ನು ನಿಲ್ಲಿಸಿದರು. ಆದರೆ ಬೆಂಕಿಯು ಕೇಬಲ್ಲುಗಳ ಮೇಲೆ ಹರಿಯಿತು. ಬೇರೆ ಬೇರೆ ವರ್ಗದ ಕೇಬಲ್ಲುಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನು ಹಾಯಿಸಿದ್ದುದರಿಂದ ಎಲ್ಲವೂ ಒಟ್ಟಿಗೆ ಸುಟ್ಟುವು. ಡೀಸೆಲ್ ಯಂತ್ರಗಳ ವಿದ್ಯುತ್ತೂ ಬ್ಯಾಟರಿಗಳ ವಿದ್ಯುತ್ತೂ ಹೋಗಬೇಕಾದ ಸ್ಥಳಗಳಿಗೆ ಹೋಗಲಾರದೆ ಆ ಘಟಕವು ಸುಮಾರು ೧೭ ಗಂಟೆಗಳ ಕಾಲ ಕತ್ತಲೆಯಲ್ಲಿ ಉಳಿಯಿತು.

ನಿಯಂತ್ರಣದ ಕೊಠಡಿಯಲ್ಲಿ ಹೊಗೆ ತುಂಬಿ ಜನರು ಹೊರಬೀಳಬೇಕಾಯಿತು. ಅಳತೆಯ ಮುಳ್ಳುಗಳು ಏನನ್ನೂ ಹೇಳುತ್ತಿರಲಿಲ್ಲ. ಒಲೆಯು ಮರಳಿ ಹೊತ್ತಿಕೊಳ್ಳದಂತೆ ಮಾಡಲು ಕೆಲವರು ಕೈಯಲ್ಲಿ ಟಾರ್ಚು ಹಿಡಿದು ರಿಯಾಕ್ಟರಿನ ಕಟ್ಟಡದ ಮೇಲಕ್ಕೆ ಹತ್ತಿ, ಬೋರಾನ್ ಬೆರೆಸಿದ ದ್ರವವನ್ನು ಕೆಳಕ್ಕೆ ಬಿಡುವ ಕವಾಟಗಳನ್ನು ಕೈಯಿಂದಲೇ ತಿರುಗಿಸಿದರು. ಇನ್ನು ಕೆಲವರು ಬೆಂಕಿ ಆರಿಸುವುದಕ್ಕೆಂದು ಇಟ್ಟಿದ್ದ ಡೀಸೆಲ್ ಪಂಪುಗಳನ್ನು ನಡೆಸಿ ಉಗಿಪಾತ್ರೆಗಳಿಗೆ ನೀರನ್ನು ತುಂಬಿಸಿದರು. ಒಳಗಿನ ನೀರು ಪಂಪಿಲ್ಲದೆ ತಾನಾಗಿ ಏರಿಳಿಯುತ್ತಾ ಶಾಖವನ್ನು ಸಾಗಿಸಿತು. ಇಂಧನಕ್ಕೆ ಹಾನಿಯಾಗಲಿಲ್ಲ, ವಿಕಿರಣವು ಹೊರಕ್ಕೆ ಬರಲಿಲ್ಲ. ಹಂಡೆ ಬತ್ತಲಿಲ್ಲವೆಂಬುದೊಂದೇ ಕಾರಣ.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಕಲಿಯಬಹುದು. ನಾಲ್ಕು ರಕ್ಷಣೆಗಳಿದ್ದರೂ ನಾಲ್ಕೂ ಒಂದೇ ದಾರಿಯಲ್ಲಿ ಬಂದರೆ ಅವು ನಾಲ್ಕಲ್ಲ, ಒಂದೇ. ಮನೆಯ ಬೀಗದ ಕೈಗಳನ್ನೆಲ್ಲ ಒಂದೇ ಗೊಂಚಲಿಗೆ ಹಾಕಿ ಗೊಂಚಲನ್ನೇ ಕಳೆದುಕೊಂಡಂತೆ. ಎರಡನೆಯದಾಗಿ, ಯಂತ್ರಗಳೆಲ್ಲ ಕೈಬಿಟ್ಟ ಮೇಲೆ ಕಡೆಯ ರಕ್ಷಣೆಯೆಂದರೆ ತನ್ನ ಕೆಲಸವನ್ನು ಬಲ್ಲ, ಸ್ಥಳವನ್ನು ಕತ್ತಲೆಯಲ್ಲಿಯೂ ಗುರುತಿಸಬಲ್ಲ ಮನುಷ್ಯನೇ.

ಫುಕುಶಿಮಾ

ನರೋರದಲ್ಲಿ ತಪ್ಪಿದ್ದು ಜಪಾನು ದೇಶದ ಫುಕುಶಿಮಾದಲ್ಲಿ ತಪ್ಪಲಿಲ್ಲ. ೨೦೧೧ರ ಮಾರ್ಚ್ ೧೧ರ ಮಧ್ಯಾಹ್ನ ಮಹಾಭೂಕಂಪವಾದಾಗ ಅಲ್ಲಿಯ ದಾಯಿಚಿ ಎಂಬ ಸ್ಥಾವರದಲ್ಲಿ ನಡೆಯುತ್ತಿದ್ದ ಮೂರು ಘಟಕಗಳೂ ಯಥಾಕ್ರಮವಾಗಿ ನಿಂತುವು. ಹೊರಗಿನ ವಿದ್ಯುತ್ತು ಪೂರ್ತಿಯಾಗಿ ತಪ್ಪಿತು. ಡೀಸೆಲ್ ಯಂತ್ರಗಳು ಚಾಲನೆಗೊಂಡುವು. ಅಲ್ಲಿಯವರೆಗೆ ಎಲ್ಲವೂ ಶಾಸ್ತ್ರದಲ್ಲಿ ಬರೆದಂತೆಯೇ ನಡೆಯಿತು. ಸುಮಾರು ಐವತ್ತು ನಿಮಿಷಗಳ ಮೇಲೆ ಹದಿನಾಲ್ಕು ಹದಿನೈದು ಮೀಟರು ಎತ್ತರಕ್ಕೆ ಏರಿಬಂದ ಸಮುದ್ರದ ನೀರು ಕಟ್ಟಡಗಳನ್ನು ಹೊಕ್ಕಿತು. ಡೀಸೆಲ್ ಯಂತ್ರಗಳೂ, ವಿದ್ಯುತ್ತನ್ನು ಹಂಚುವ ಪೆಟ್ಟಿಗೆಗಳೂ, ಬಹುಪಾಲು ಬ್ಯಾಟರಿಗಳೂ ಕೆಳಗಿನ ನೆಲೆಯಲ್ಲಿದ್ದುದರಿಂದ ನೀರುಪಾಲಾದುವು. ಒಲೆಯೊಳಗೆ ನೀರೆಷ್ಟಿದೆಯೆಂಬುದನ್ನು ತಿಳಿಯಲು ಕೆಲಸಗಾರರು ಮೋಟಾರು ಕಾರುಗಳ ಬ್ಯಾಟರಿಗಳನ್ನು ಬಿಚ್ಚಿ ತಂದು ಮಾಪಕಗಳಿಗೆ ಜೋಡಿಸಿದರು. ಆದರೂ ಮೂರು ಘಟಕಗಳ ಇಂಧನವು ಕರಗಿತು. ಜಲಜನಕವು ಸೇರಿ ಸ್ಫೋಟಗಳಾದುವು. ಒಂದೂವರೆ ಲಕ್ಷಕ್ಕೂ ಹೆಚ್ಚಿನ ಜನರು ಮನೆಮಠಗಳನ್ನು ಬಿಟ್ಟು ಹೋಗಬೇಕಾಯಿತು.

ಅಲ್ಲಿಂದ ಸುಮಾರು ಹನ್ನೆರಡು ಕಿಲೋಮೀಟರು ದಕ್ಷಿಣಕ್ಕೆ ದಾಯಿನಿ ಎಂಬ ಇನ್ನೊಂದು ಸ್ಥಾವರವಿತ್ತು. ಅದಕ್ಕೂ ಅದೇ ಭೂಕಂಪ, ಅದೇ ಸಮುದ್ರ. ಅದಕ್ಕೆ ಬರುತ್ತಿದ್ದ ಹೊರಗಿನ ತಂತಿಗಳಲ್ಲಿ ಒಂದೇ ಒಂದು ಮಾತ್ರ ಉಳಿದಿತ್ತು. ಅಲ್ಲಿಯ ಇನ್ನೂರು ಜನರಷ್ಟು ಕೆಲಸಗಾರರು ಆ ಉಳಿದ ವಿದ್ಯುತ್ತನ್ನು ಪಂಪುಗಳಿಗೆ ಮುಟ್ಟಿಸಲು ಒಟ್ಟು ಒಂಬತ್ತು ಕಿಲೋಮೀಟರಿನಷ್ಟು ಭಾರವಾದ ಕೇಬಲ್ಲನ್ನು ಹೆಗಲ ಮೇಲೆ ಹೊತ್ತು ಎಳೆದರು. ನಾಲ್ಕು ಘಟಕಗಳೂ ಉಳಿದುವು. ಎರಡು ಸ್ಥಾವರಗಳ ಭಾಗ್ಯಗಳಲ್ಲಿ ಇಷ್ಟು ಅಂತರವನ್ನುಂಟುಮಾಡಿದುದರಲ್ಲಿ ಆ ಒಂದು ತಂತಿಯ ಪಾಲು ಬಹಳ ದೊಡ್ಡದು.

ಈ ಅನಾಹುತದ ತರುವಾಯ ನಮ್ಮ ದೇಶದ ಸ್ಥಾವರಗಳನ್ನೂ ಪರಿಶೀಲಿಸಲಾಯಿತು. ಹೊರಗಿನಿಂದ ಉಗಿಪಾತ್ರೆಗಳಿಗೂ ಒಲೆಗೂ ನೀರನ್ನು ಸೇರಿಸಲು ಹೊಸ ಕೊಳವೆಯ ಬಾಯಿಗಳನ್ನಿಡುವುದು, ಎಳೆದೊಯ್ಯಬಹುದಾದ ಡೀಸೆಲ್ ಜನರೇಟರುಗಳನ್ನು ಸಿದ್ಧವಾಗಿಡುವುದು ಮೊದಲಾದ ಏರ್ಪಾಟುಗಳನ್ನು ಸೇರಿಸಲಾಯಿತು. ಬಾಯಾರಿದಾಗ ಬಾವಿ ತೋಡಬಾರದೆಂಬುದೇ ಇವೆಲ್ಲದರ ತಾತ್ಪರ್ಯ.

ಬೇರೆ ಮೂರು ಸಂಗತಿಗಳು

೧೯೮೬ರ ಏಪ್ರಿಲ್ ೨೬ರಂದು ಚೆರ್ನೋಬಿಲ್‌ನಲ್ಲಿ ನಡೆದ ಮಹಾದುರಂತವನ್ನು ಎಲ್ಲರೂ ಬಲ್ಲರು. ಅದಕ್ಕೆ ನಿಮಿತ್ತವಾದುದು ಏನೆಂಬುದನ್ನು ಬಲ್ಲವರು ಕಡಮೆ. ಹೊರಗಿನ ವಿದ್ಯುತ್ತು ತಪ್ಪಿ ಡೀಸೆಲ್ ಯಂತ್ರಗಳು ಏಳುವವರೆಗಿನ ಸ್ವಲ್ಪ ಹೊತ್ತಿನಲ್ಲಿ, ನಿಲ್ಲುತ್ತಿರುವ ಟರ್ಬೈನಿನ ತಿರುಗುವಿಕೆಯಿಂದಲೇ ಪಂಪುಗಳನ್ನು ನಡೆಸಬಹುದೇ ಎಂದು ಅಂದು ಅಲ್ಲಿ ಪರೀಕ್ಷೆ ಮಾಡುತ್ತಿದ್ದರು. ಸ್ಥಾವರವನ್ನು ಅಪಾಯಕರವಾದ ಸ್ಥಿತಿಗೆ ತಂದು ಪರೀಕ್ಷೆಯನ್ನು ನಡೆಸಿದರು; ಆ ಸ್ಥಾವರದ ರಚನೆಯಲ್ಲಿಯೂ ದೋಷಗಳಿದ್ದುವು. ಕತ್ತಲೆಗೆ ಔಷಧವನ್ನು ಹುಡುಕುವ ಪ್ರಯತ್ನವೇ ಹೀಗೆ ಮೃತ್ಯುವಿಗೆ ದಾರಿಯಾಯಿತು.

೨೦೦೬ರ ಜುಲೈ ೨೫ರಂದು ಸ್ವೀಡನ್ ದೇಶದ ಫೋರ್ಸ್‌ಮಾರ್ಕ್ ಸ್ಥಾವರದ ಹೊರಗಿನ ವಿದ್ಯುತ್ ಅಂಗಳದಲ್ಲಿ ಕೆಲಸ ಮಾಡುತ್ತಿದ್ದಾಗ ಶಾರ್ಟ್ ಸರ್ಕ್ಯೂಟ್ ಆಯಿತು. ಅದರ ಆಘಾತವು ಒಳಕ್ಕೆ ನುಗ್ಗಿ, ಬ್ಯಾಟರಿಯ ಬೆಂಬಲದ ನಾಲ್ಕು ಏರ್ಪಾಟುಗಳಲ್ಲಿ ಎರಡನ್ನು ಕೆಡವಿತು. ಆದುದರಿಂದ ನಾಲ್ಕು ಡೀಸೆಲ್ ಜನರೇಟರುಗಳಲ್ಲಿ ಎರಡರ ವಿದ್ಯುತ್ತು ಬಾರದೆ ಹೋಯಿತು. ಉಳಿದ ಎರಡು ಸ್ಥಾವರವನ್ನು ಕಾಪಾಡಿದುವು. ಕ್ಷಣಮಾತ್ರವೂ ಕಡಿಯದೆಂದು ನಂಬಿದ ವಿದ್ಯುತ್ತೇ ಕಡಿದುದನ್ನು ನೋಡಿ ಅನೇಕ ದೇಶಗಳವರು ತಮ್ಮ ತಮ್ಮ ಸ್ಥಾವರಗಳನ್ನು ಮರುಪರೀಕ್ಷೆ ಮಾಡಿಕೊಂಡರು.

ಮೂರನೆಯದು ಉಕ್ರೇನ್ ದೇಶದ ಝಪೊರಿಝಿಯಾ. ಆರು ಘಟಕಗಳ ಈ ಸ್ಥಾವರವು ಯೂರೋಪು ಖಂಡದಲ್ಲಿಯೇ ಅತಿ ದೊಡ್ಡದು. ೨೦೨೨ರ ಮಾರ್ಚಿಯಲ್ಲಿ ಅದು ಯುದ್ಧಭೂಮಿಯ ನಡುವೆ ಸಿಕ್ಕಿಕೊಂಡಿತು. ಆ ವರ್ಷದ ಸೆಪ್ಟೆಂಬರಿನಿಂದೀಚೆಗೆ ಅದು ವಿದ್ಯುತ್ತನ್ನು ಕೊಡುತ್ತಿಲ್ಲ. ಆದರೆ ಬೇಡುತ್ತಲೇ ಇದೆ. ಹೊರಗಿನ ವಿದ್ಯುತ್ತು ಪೂರ್ತಿಯಾಗಿ ತಪ್ಪುವುದು ೨೦೨೫ರ ಅಕ್ಟೋಬರಿನೊಳಗಾಗಿ ಹತ್ತು ಬಾರಿ ನಡೆಯಿತು. ಹತ್ತನೆಯ ಬಾರಿ ಸೆಪ್ಟೆಂಬರ್ ೨೩ರಿಂದ ಸುಮಾರು ಒಂದು ತಿಂಗಳ ಕಾಲ ಡೀಸೆಲ್ ಯಂತ್ರಗಳೇ ಅದನ್ನು ಕಾದುವು. ೨೦೨೩ರ ಜೂನ್ ೬ರಂದು ಕಖೋವ್ಕಾ ಅಣೆಕಟ್ಟು ಒಡೆದು ಜಲಾಶಯವು ಬರಿದಾದಾಗ, ಅಲ್ಲಿಯವರು ಕಡೆಗೆ ಹನ್ನೊಂದು ಬಾವಿಗಳನ್ನು ಕೊರೆಯಿಸಿ ಆ ನೀರಿನಿಂದ ಒಲೆಗಳನ್ನು ತಣ್ಣಗಿಟ್ಟಿರುವರು. ಕೊಳವೆಬಾವಿಯ ನೀರಿನ ಬೆಲೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಜಾಲವೆಂಬ ದೊಡ್ಡ ಸಂಸಾರ

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಂಡೊಯ್ದಾಗ ಒಂದು ಕಡೆ ಮಾಡುವವರು, ಇನ್ನೊಂದು ಕಡೆ ಬಳಸುವವರು, ನಡುವೆ ತಂತಿ, ಸಂಬಂಧವು ಸರಳವಾಗಿತ್ತು. ಈಗ ಹಾಗಿಲ್ಲ. ೨೦೧೩ರ ಡಿಸೆಂಬರ್ ೩೧ರಂದು ರಾಯಚೂರು ಸೊಲ್ಲಾಪುರಗಳ ನಡುವಿನ ತಂತಿಯ ಮೂಲಕ ದಕ್ಷಿಣದ ಜಾಲವು ಉತ್ತರದ ಜಾಲದೊಡನೆ ಕೂಡಿತು. ಅಂದಿನಿಂದ ಕಾಶ್ಮೀರದ ದೀಪವೂ ತುರುವೇಕೆರೆಯ ಮೋಟಾರೂ ಒಂದೇ ತಾಳದಲ್ಲಿ, ಸೆಕೆಂಡಿಗೆ ಐವತ್ತು ಆವರ್ತಗಳ ಲಯದಲ್ಲಿ, ನಡೆಯುತ್ತಿರುವುವು. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣವೂ ಸಮನಾಗಿರಬೇಕು. ಬಳಕೆ ಹೆಚ್ಚಿದರೆ ತಾಳ ತಗ್ಗುವುದು, ತಗ್ಗಿದರೆ ಏರುವುದು. ಮಿತಿ ಮೀರಿತೆಂದರೆ ಸ್ಥಾವರಗಳು ಒಂದೊಂದಾಗಿ ಕೈಬಿಡುವುವು.

ಅಂಥ ಪ್ರಸಂಗವು ೨೦೧೨ರ ಜುಲೈ ೩೦, ೩೧ರಂದು ನಡೆಯಿತು. ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚನ್ನು ಎಳೆದುಕೊಳ್ಳುತ್ತಿದ್ದುವು. ಕೆಲವು ತಂತಿಗಳನ್ನು ದುರಸ್ತಿಗಾಗಿ ನಿಲ್ಲಿಸಿದ್ದರು. ಆ ಸಮಯದಲ್ಲಿ ಬಿನಾ ಗ್ವಾಲಿಯರ್‌ಗಳ ನಡುವಿನ ತಂತಿಯು ಕಡಿದುಕೊಂಡಿತು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಭಾಗಗಳ ಜಾಲಗಳು ಒಟ್ಟಿಗೆ ಕುಸಿದು ಸುಮಾರು ಅರುವತ್ತು ಕೋಟಿ ಜನರು ಕತ್ತಲೆಯಲ್ಲಿ ಉಳಿದರು. ಆಗಿನ್ನೂ ದಕ್ಷಿಣದ ಜಾಲವು ಕೂಡಿರಲಿಲ್ಲವಾದುದರಿಂದ ಕರ್ನಾಟಕಕ್ಕೆ ಅದರ ಬಿಸಿ ತಟ್ಟಲಿಲ್ಲ. ಈಗ ನಾವೂ ಆ ಅವಿಭಕ್ತ ಕುಟುಂಬಕ್ಕೆ ಸೇರಿದವರು. ಕಷ್ಟಕಾಲದಲ್ಲಿ ನೆರವು ದೊರೆಯುವುದು. ಒಬ್ಬರ ಅವಿವೇಕಕ್ಕೆ ಎಲ್ಲರೂ ಭಾಗಿಗಳಾಗಬೇಕಾಗುವುದು. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಈ ಎರಡೂ ಗೊತ್ತು.

ಗೃಹಸ್ಥರು ತಿಳಿಯತಕ್ಕದ್ದು

ಇಷ್ಟನ್ನು ಓದಿದವರಲ್ಲಿ ಕೆಲವರಿಗೆ ಭಯ ಹುಟ್ಟಬಹುದು; ಕೆಲವರು, ದೂರದ ಕಾರವಾರದ ಕಾಡಿನ ಮಾತು ನಮಗೇಕೆ ಎನ್ನಬಹುದು. ಎರಡೂ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಪರಮಾಣು ಸ್ಥಾವರವೆಂದರೆ ಬಾಂಬೆಂದು ತಿಳಿದು ನಡುಗುವವರು ವಿಷಯವನ್ನು ತಿಳಿದವರಲ್ಲ. ಎಲ್ಲವೂ ಭದ್ರವಾಗಿದೆ, ಕೇಳುವುದೇ ಅಪರಾಧವೆನ್ನುವವರೂ ತಿಳಿದವರಲ್ಲ. ಅಪಾಯವಿರುವುದು ಸ್ಫೋಟದಲ್ಲಿ ಅಲ್ಲ, ಬಾಯಾರಿಕೆಯಲ್ಲಿ. ಆದುದರಿಂದ ಪ್ರಜೆಗಳು ಕೇಳತಕ್ಕ ಪ್ರಶ್ನೆಗಳೂ ಸರಳವಾದುವೇ. ಹೊರಗಿನಿಂದ ಎಷ್ಟು ತಂತಿಗಳು ಬರುವುವು? ಅವು ಬೇರೆ ಬೇರೆ ದಾರಿಯಲ್ಲಿ ಬರುವುವೇ? ಡೀಸೆಲ್ ಯಂತ್ರಗಳನ್ನು ಕಾಲಕಾಲಕ್ಕೆ ನಡೆಸಿ ನೋಡುವರೇ? ಅವು ಪ್ರವಾಹಕ್ಕೆ ಸಿಕ್ಕದಷ್ಟು ಎತ್ತರದಲ್ಲಿವೆಯೇ? ಎಣ್ಣೆ ಎಷ್ಟು ದಿನಕ್ಕಿದೆ? ಎಲ್ಲವೂ ತಪ್ಪಿದಾಗ ನೀರನ್ನು ತುಂಬುವವರು ಯಾರು, ಅವರಿಗೆ ಅಭ್ಯಾಸವಿದೆಯೇ? ಹೊಸ ಘಟಕಗಳನ್ನು ಕಟ್ಟುವ ಮಾತು ಬಂದಾಗ ನಮ್ಮ ಪ್ರತಿನಿಧಿಗಳ ಬಾಯಿಂದ ಈ ಪ್ರಶ್ನೆಗಳು ಬರುವಂತೆ ಮಾಡುವುದು ಓದುಬರಹ ಬಲ್ಲವರ ಕರ್ತವ್ಯ.

ನಾವೂ ನಮ್ಮ ಮಟ್ಟಿಗೆ ಮಾಡತಕ್ಕದ್ದು ಸ್ವಲ್ಪವಿದೆ. ತೋಟದ ಒಂದು ಮೋಟಾರಿನಿಂದ ಕೈಗಾಕ್ಕೆ ಕೇಡಾಗದು, ನಿಜ. ಆದರೆ ಲೆಕ್ಕಕ್ಕೆ ಸಿಕ್ಕದಂತೆ ತಂತಿಗೆ ಕೊಕ್ಕೆ ಹಾಕುವುದು, ಅನುಮತಿಗಿಂತ ದೊಡ್ಡ ಮೋಟಾರನ್ನು ಕೂಡಿಸಿ ಊರಿನ ಟ್ರಾನ್ಸ್‌ಫಾರ್ಮರನ್ನು ಸುಡಿಸುವುದು, ತಂತಿಯ ಕೆಳಗೆ ತೆಂಗಿನ ಸಸಿಯನ್ನು ನೆಟ್ಟು ಹತ್ತು ವರ್ಷದ ಮೇಲೆ ಗರಿ ತಗುಲಿತೆಂದು ಲೈನ್‌ಮ್ಯಾನನ್ನು ಬೈಯುವುದು, ಇವೆಲ್ಲ ದೊಡ್ಡ ಸಂಸಾರದಲ್ಲಿ ಬಾಳುವ ರೀತಿಯಲ್ಲ. ಮಳೆಯಲ್ಲಿ ಕಂಬ ಹತ್ತಿ ಕೆಲಸ ಮಾಡುವ ಮನುಷ್ಯನೂ, ನರೋರದಲ್ಲಿ ಟಾರ್ಚು ಹಿಡಿದು ಮೇಲಕ್ಕೆ ಹತ್ತಿದವನೂ ಒಂದೇ ಕುಲದವರು. ಒಬ್ಬನು ಊರಿನ ದೀಪವನ್ನು ಕಾಯುವನು. ಇನ್ನೊಬ್ಬನು ದೀಪವನ್ನು ಹುಟ್ಟಿಸುವ ಮನೆಯ ಕೆಂಡವನ್ನು ಕಾಯುವನು. ಈ ಇಬ್ಬರ ಕೆಲಸವನ್ನೂ ನಮ್ಮ ಮಕ್ಕಳಿಗೆ ತಿಳಿಸಿ ಹೇಳುವುದು, ಬಲ್ಬಿನ ಗುಂಡಿಯನ್ನು ಒತ್ತುವುದನ್ನು ಕಲಿಸಿದಷ್ಟೇ ಅವಶ್ಯಕವೆಂದು ನಾವು ಭಾವಿಸುತ್ತೇವೆ.